ಹೊಟ್ಟೆಯೊಳಗಿನ ಶಾಖ ಎಲ್ಲೆಲ್ಲಿಗೆ ಹೋಗುತ್ತದೆ? ಕಾಟರಿ, ಹಾರ್ಮೋನಿಕ್, ಲಿಗಾಶ್ಯೂರ್ ಬಗ್ಗೆ ಓದುಗರ ಪ್ರಶ್ನೆಗಳು

ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ (ಹೊಟ್ಟೆಗಾದರೆ ಲ್ಯಾಪರೊಸ್ಕೋಪಿ) ಅಂಗಾಂಶ ಬಿಡಿಸಲು, ರಕ್ತ ನಿಲ್ಲಿಸಲು ಬಳಸುವ ಸಾಧನಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ರೋಗಿಗಳ ಮನೆಯವರೂ ಬರೆದಿದ್ದಾರೆ, ಓಟಿಯಲ್ಲಿ (ಆಪರೇಷನ್ ಥಿಯೇಟರ್) ಕೆಲಸ ಮಾಡುವವರೂ ಬರೆದಿದ್ದಾರೆ. ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೂ ಬೇಕಾಗುತ್ತದೆ ಎಂದು ಬೇರೆ ಬೇರೆ ಮಾಡಿಲ್ಲ.

ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಎಲ್ಲರೂ ‘ಲೇಸರ್ ಆಪರೇಷನ್’ ಎನ್ನುತ್ತಾರೆ. ಡಾಕ್ಟರು ಮಾತ್ರ ‘ಲೇಸರ್ ಅಲ್ಲ, ಕಾಟರಿ, ಅಂದರೆ ಕರೆಂಟು’ ಎಂದರು. ಕರೆಂಟಾದರೆ ಶಾಕ್ ಹೊಡೆಯುವುದಿಲ್ಲವೇ?
*ಗೃಹಿಣಿ, ಚಿಕ್ಕಮಗಳೂರು*

ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಪಿತ್ತಕೋಶ ತೆಗೆಯುವಾಗ ಸಾಮಾನ್ಯವಾಗಿ ಬಳಸುವುದು ವಿದ್ಯುತ್ ಕಾಟರಿ. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಆ ವೇಗಕ್ಕೆ ನರ ಮತ್ತು ಸ್ನಾಯುಗಳು ಸ್ಪಂದಿಸುತ್ತವೆ, ಹೃದಯದ ಬಡಿತವೂ ಕೆಡಬಹುದು. ಆವರ್ತನ ಸೆಕೆಂಡಿಗೆ 1 ಲಕ್ಷ ದಾಟಿದರೆ ನರಗಳಿಗೆ ಸ್ಪಂದಿಸಲು ಸಮಯವೇ ಸಿಗುವುದಿಲ್ಲ. ಕಾಟರಿ ಯಂತ್ರಗಳು ಕೆಲಸ ಮಾಡುವುದು 3 ಲಕ್ಷಕ್ಕೂ ಮೇಲೆ. ಹಾಗಾಗಿ ಶಾಕ್ ಇಲ್ಲ, ಉಳಿಯುವುದು ಶಾಖ. ಅಂಗಾಂಶ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಪ್ರೋಟೀನ್ ಹೆಪ್ಪುಗಟ್ಟಿ ಬೆಳ್ಳಗಾಗುತ್ತದೆ, ರಕ್ತ ನಿಲ್ಲುತ್ತದೆ. 100 ಡಿಗ್ರಿಗೆ ಜೀವಕೋಶದ ನೀರು ಆವಿಯಾಗಿ ಕೋಶ ಒಡೆಯುತ್ತದೆ, ಅದೇ ಕತ್ತರಿಸುವುದು. 200 ಡಿಗ್ರಿ ದಾಟಿದರೆ ಕರಕು.

ಇದು ಹೊಸ ತಂತ್ರವೇನಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 1926ರ ಅಕ್ಟೋಬರ್‌ನಲ್ಲಿ ಮೆದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ಕಟ್ಟಿದ ಯಂತ್ರವನ್ನು ಮೊದಲ ಬಾರಿಗೆ ಬಳಸಿದರು. ಇಂದಿಗೂ ಹಲವು ದೇಶಗಳ ಓಟಿಗಳಲ್ಲಿ ಈ ಯಂತ್ರಕ್ಕೆ ‘ಬೋವಿ’ ಎಂದೇ ಹೆಸರು.

ಆಪರೇಷನ್‌ಗೆ ಮುಂಚೆ ಮಾಂಗಲ್ಯ, ಕಾಲುಂಗುರ, ಮೂಗುತಿ ಎಲ್ಲ ತೆಗೆಯಲೇಬೇಕೆಂದು ನರ್ಸ್ ಪಟ್ಟು ಹಿಡಿದರು. ಅತ್ತೆಯವರಿಗೆ ಬಹಳ ಬೇಸರವಾಯಿತು. ನಿಜಕ್ಕೂ ಅಗತ್ಯವೇ?
*ಸೊಸೆ, ರಾಣೆಬೆನ್ನೂರು*

ಅಗತ್ಯ. ರೋಗಿಯ ಮೈಯಿಂದ ಕರೆಂಟು ಯಂತ್ರಕ್ಕೆ ಮರಳಬೇಕಾದದ್ದು ತೊಡೆಗೆ ಅಂಟಿಸಿದ ಪ್ಲೇಟಿನ ಮೂಲಕ. ಲೋಹದ ಒಡವೆ ಮೇಜಿನ ಲೋಹವನ್ನು ತಾಗಿದರೆ ಆ ಪುಟ್ಟ ಜಾಗದಲ್ಲಿ ಕರೆಂಟು ಸೋರಿ ಚರ್ಮ ಸುಡಬಹುದು. ಹಳೆಯ, ಭೂಸಂಪರ್ಕ ಆಧಾರಿತ ಯಂತ್ರಗಳಲ್ಲಿ ಈ ಅಪಾಯ ಹೆಚ್ಚಿತ್ತು. ಈಗಿನ ಪ್ರತ್ಯೇಕಿತ ಸರ್ಕ್ಯೂಟಿನ ಯಂತ್ರಗಳಲ್ಲಿ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಬೆರಳು ಊದಿಕೊಂಡರೆ ಉಂಗುರ ರಕ್ತಸಂಚಾರಕ್ಕೆ ಅಡ್ಡಬರುವುದು ಇನ್ನೊಂದು ಕಾರಣ. ಬೆಳ್ಳಿ ಉಡಿದಾರ, ಗೆಜ್ಜೆಗಳನ್ನು ಹೇಳಲು ಹಲವರು ಮರೆಯುತ್ತಾರೆ. ಪ್ಲೇಟಿಗೂ ಆಪರೇಷನ್ ಜಾಗಕ್ಕೂ ನಡುವೆ ಬರುವುದು ಉಡಿದಾರವೇ. ಮಾಂಗಲ್ಯದ ಬದಲು ಅರಿಶಿನದ ದಾರ ಕಟ್ಟಿಕೊಂಡಿರಲು ಅಭ್ಯಂತರವಿಲ್ಲ, ಅದು ಒಣಗಿರಬೇಕು ಮತ್ತು ಶಸ್ತ್ರಚಿಕಿತ್ಸೆಯ ಜಾಗದಿಂದ ದೂರವಿರಬೇಕು. ತೆಗೆಯಲು ಬಾರದ ಬಿಗಿ ಉಂಗುರ ಇದ್ದರೆ ಹಿಂದಿನ ದಿನವೇ ತಿಳಿಸಿ.

ಪ್ಲೇಟ್ ಹಾಕುವ ಸರಿಯಾದ ಕ್ರಮ ಯಾವುದು? ಒಬ್ಬೊಬ್ಬ ಸೀನಿಯರ್ ಒಂದೊಂದು ಹೇಳುತ್ತಾರೆ.
*ಓಟಿ ಟೆಕ್ನಾಲಜಿ ವಿದ್ಯಾರ್ಥಿನಿ, ದಾವಣಗೆರೆ*

ಮೊದಲು ಪ್ಲೇಟ್ ಯಾಕೆ ದೊಡ್ಡದಾಗಿರುತ್ತದೆ ಎಂಬುದು ತಲೆಯಲ್ಲಿರಲಿ. ಹುಕ್ಕಿನ (ಕಾಟರಿಯ ಕೊಕ್ಕೆ ಉಪಕರಣದ) ತುದಿಯಲ್ಲೂ ಪ್ಲೇಟಿನಲ್ಲೂ ಹರಿಯುವುದು ಅಷ್ಟೇ ಕರೆಂಟು. ತೂಬಿನಲ್ಲಿ ರಭಸದಿಂದ ನುಗ್ಗುವ ನೀರು ಗದ್ದೆಗೆ ಬಂದಾಗ ತಣ್ಣಗೆ ಹರಡಿಕೊಳ್ಳುವಂತೆ, ತುದಿಯಲ್ಲಿ ಸುಡುವ ಕರೆಂಟು ಪ್ಲೇಟಿನ ಅಗಲಕ್ಕೆ ಹರಡಿ ಬಿಸಿಯೇ ಗೊತ್ತಾಗದಂತೆ ಹೊರಹೋಗುತ್ತದೆ. ಪ್ಲೇಟಿನ ಅರ್ಧ ಭಾಗ ಎದ್ದರೆ ಸಾಂದ್ರತೆ ಎರಡು ಪಟ್ಟಾಗುತ್ತದೆ. ಶಾಖ ಸಾಂದ್ರತೆಯ ವರ್ಗಕ್ಕೆ ಅನುಗುಣವಾದದ್ದರಿಂದ ಅಲ್ಲಿ ಶಾಖ ನಾಲ್ಕು ಪಟ್ಟು.

ಜಾಗ: ಮಾಂಸಲವಾದ, ರಕ್ತಸಂಚಾರ ಚೆನ್ನಾಗಿರುವ, ಆಪರೇಷನ್‌ಗೆ ಹತ್ತಿರದ ಭಾಗ. ಹೊಟ್ಟೆಯ ಲ್ಯಾಪರೊಸ್ಕೋಪಿಗೆ ತೊಡೆಯ ಹೊರಬದಿ ಅಥವಾ ಮುಂಭಾಗ. ಎಲುಬು ಎದ್ದ ಜಾಗ, ಹಳೆಯ ಗಾಯದ ಕಲೆ, ರಾಡ್ ಅಥವಾ ಕೃತಕ ಕೀಲು ಹಾಕಿದ ಕಡೆ, ಹಚ್ಚೆಯ ಮೇಲೆ ಬೇಡ. ಕೂದಲಿದ್ದರೆ ಕ್ಲಿಪ್ಪರ್‌ನಿಂದ ತೆಗೆಯಿರಿ, ಎಣ್ಣೆ-ಲೋಷನ್ ಒರೆಸಿ, ಚರ್ಮ ಪೂರ್ತಿ ಒಣಗಲಿ. ಆಯತಾಕಾರದ ಪ್ಲೇಟಾದರೆ ಉದ್ದನೆಯ ಅಂಚು ಆಪರೇಷನ್ ಜಾಗದ ಕಡೆಗೆ, ಏಕೆಂದರೆ ಅತಿ ಹೆಚ್ಚು ಬಿಸಿಯಾಗುವುದು ಆ ಕಡೆಯ ಅಂಚೇ. ಒಂದು ಕೊನೆಯಿಂದ ಗಾಳಿ ಸಿಕ್ಕಿಕೊಳ್ಳದಂತೆ ಸವರುತ್ತ ಅಂಟಿಸಿ. ಒಮ್ಮೆ ಅಂಟಿಸಿದ ಪ್ಲೇಟನ್ನು ಕಿತ್ತು ಇನ್ನೊಂದು ಕಡೆ ಹಾಕಬೇಡಿ, ಹೊಸದು ತೆಗೆದುಕೊಳ್ಳಿ. ಮಗುವಿಗೆಂದು ದೊಡ್ಡವರ ಪ್ಲೇಟನ್ನು ಕತ್ತರಿಸಿ ಚಿಕ್ಕದು ಮಾಡುವುದು ಅಪಾಯಕಾರಿ. ತೂಕಕ್ಕೆ ತಕ್ಕ ಪ್ಲೇಟ್ ಬೇರೆಯೇ ಸಿಗುತ್ತದೆ.

ಎರಡು ಭಾಗಗಳಿರುವ ಪ್ಲೇಟನ್ನೇ ಕೇಳಿ ಪಡೆಯಿರಿ. ಯಂತ್ರ ಎರಡೂ ಭಾಗಗಳ ನಡುವಿನ ರೋಧ (ಕರೆಂಟಿಗೆ ಇರುವ ಅಡ್ಡಿ) ಅಳೆಯುತ್ತ, ಅಂಟು ಸಡಿಲವಾದರೆ ಅಲಾರಂ ಹೊಡೆದು ಕರೆಂಟು ನಿಲ್ಲಿಸುತ್ತದೆ. ಒಂದೇ ಭಾಗದ ಪ್ಲೇಟಿನಲ್ಲಿ ತಂತಿ ಸಿಕ್ಕಿಸಿದೆಯೋ ಇಲ್ಲವೋ ಎಂಬುದಷ್ಟೇ ಯಂತ್ರಕ್ಕೆ ಗೊತ್ತಾಗುವುದು. ಪ್ಲೇಟ್ ಅರ್ಧ ಎದ್ದಿದ್ದರೂ ಸುಮ್ಮನಿರುತ್ತದೆ. ಮೇಜು ವಾಲಿಸಿದ ಮೇಲೆ, ರೋಗಿಯ ಭಂಗಿ ಬದಲಿಸಿದ ಮೇಲೆ ಶೀಟಿನ ಕೆಳಗೆ ಕೈಹಾಕಿ ಇನ್ನೊಮ್ಮೆ ನೋಡಿ. ಸರ್ಜನ್ ‘ಪವರ್ ಸಾಲದು, ಹೆಚ್ಚಿಸಿ’ ಎಂದರೆ ಮೊದಲು ಪ್ಲೇಟ್ ಮತ್ತು ಕೇಬಲ್ ನೋಡಿ, ಆಮೇಲೆ ಗುಂಡಿಗೆ ಕೈಹಾಕಿ. ದಿನಾ ಸಾಕಾಗುತ್ತಿದ್ದ ವ್ಯಾಟ್ ಇವತ್ತು ಸಾಲದಿದ್ದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ.

ಲ್ಯಾಪರೊಸ್ಕೋಪಿಯಲ್ಲಿ ಹುಕ್ ತುದಿ ಕಣ್ಣೆದುರಿಗೇ ಇರುತ್ತದೆ. ಆದರೂ ಮೂರು-ನಾಲ್ಕು ದಿನದ ಮೇಲೆ ಕರುಳಿನಲ್ಲಿ ತೂತು ಕಾಣಿಸಿಕೊಳ್ಳುವುದು ಹೇಗೆ? ಯಾವ ಸೆಟ್ಟಿಂಗ್ ಸುರಕ್ಷಿತ?
*ಸರ್ಜರಿ ಸ್ನಾತಕೋತ್ತರ ವಿದ್ಯಾರ್ಥಿ, ಹುಬ್ಬಳ್ಳಿ*

ಈ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತಿದ್ದೇವೆ. ಉಪಕರಣದ ಉದ್ದ ಸುಮಾರು 30 ಸೆಂ.ಮೀ.ಗೂ ಹೆಚ್ಚು, ಕ್ಯಾಮೆರಾಗೆ ಕಾಣುವುದು ಕೊನೆಯ ಕೆಲವು ಸೆಂಟಿಮೀಟರ್. ಉಳಿದ ಉದ್ದದಲ್ಲಿ ಏನು ನಡೆದರೂ ಪರದೆಯ ಮೇಲೆ ಬರುವುದಿಲ್ಲ. ಕರೆಂಟು ದಾರಿ ತಪ್ಪುವ ಬಗೆ ಮೂರು.

ಒಂದು, ಇನ್ಸುಲೇಷನ್ ಸೀಳುವುದು. ಮೇಲಿನ ಪ್ಲಾಸ್ಟಿಕ್ ಹೊದಿಕೆ, ಉಪಕರಣ ತೂರಿಸುವ ಕೊಳವೆಯಾದ ಟ್ರೋಕಾರ್‌ನೊಳಗೆ ಪದೇ ಪದೇ ಉಜ್ಜಿ, ಬ್ರಷ್ ಏಟು ತಿಂದು, ಆಟೋಕ್ಲೇವ್ (ಉಗಿಯಲ್ಲಿ ಸೂಕ್ಷ್ಮಾಣು ಕೊಲ್ಲುವ ಯಂತ್ರ) ಬಿಸಿಗೆ ಬಿರಿದು ಸೂಜಿಮೊನೆಯಷ್ಟು ತೆರೆದುಕೊಳ್ಳುತ್ತದೆ. ದೊಡ್ಡ ಸೀಳಿಗಿಂತ ಸಣ್ಣ ತೂತು ಹೆಚ್ಚು ಅಪಾಯಕಾರಿ: ಕಣ್ಣಿಗೆ ಬೀಳುವುದಿಲ್ಲ, ಜೊತೆಗೆ ಅಷ್ಟು ಕಿರಿದಾದ ಬಾಯಲ್ಲಿ ಕರೆಂಟಿನ ಸಾಂದ್ರತೆ ವಿಪರೀತ. ಹೊಟ್ಟೆಯ ಗೋಡೆ ಅಥವಾ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯು) ಸುಮ್ಮಸುಮ್ಮನೆ ಅದುರಿದರೆ, ಪರದೆಯಲ್ಲಿ ಅಸಹಜವಾಗಿ ಗೆರೆಗಳು ಬಂದರೆ ಪೆಡಲ್‌ನಿಂದ ಕಾಲು ತೆಗೆದು ಉಪಕರಣ ಹೊರಗೆಳೆದು ನೋಡಿ.

ಎರಡು, ನೇರ ತಾಗುವಿಕೆ. ಕರೆಂಟು ಹರಿಯುವಾಗ ಹುಕ್, ಅಂಗಾಂಶ ಹಿಡಿಯುವ ಇನ್ನೊಂದು ಉಪಕರಣವಾದ ಗ್ರ್ಯಾಸ್ಪರ್‌ಗೋ ಕ್ಯಾಮೆರಾದ ಟೆಲಿಸ್ಕೋಪಿಗೋ ತಾಗಿದರೆ ಅದೂ ಸುಡುವ ಉಪಕರಣವೇ ಆಗುತ್ತದೆ. ಆ ಗ್ರ್ಯಾಸ್ಪರ್ ಕ್ಯಾಮೆರಾ ಆಚೆ ಕರುಳಿಗೆ ಒರಗಿಕೊಂಡಿರಬಹುದು. ಕ್ಲಿಪ್ಪುಗಳ ವಿಷಯವೂ ಇದೇ. ಪಿತ್ತಕೋಶದ ನಾಳಕ್ಕೆ (ಸಿಸ್ಟಿಕ್ ಡಕ್ಟ್) ಹಾಕಿದ ಲೋಹದ ಕ್ಲಿಪ್ ತಾಗುವಂತೆ ಕಾಟರಿ ಹೊಡೆದರೆ ಕ್ಲಿಪ್ಪಿನಡಿಯ ಅಂಗಾಂಶ ಬೆಂದು ಸತ್ತು, ಕೆಲ ದಿನಗಳಲ್ಲಿ ಕ್ಲಿಪ್ ಕಳಚಿ ಪಿತ್ತರಸ ಸೋರುತ್ತದೆ. ಕ್ಯಾಲೋ ತ್ರಿಕೋನದಲ್ಲಿ (ಪಿತ್ತಕೋಶದ ನಾಳ, ರಕ್ತನಾಳಗಳಿರುವ ಜಾಗ) ಕಡಿಮೆ ವ್ಯಾಟ್, ಚಿಕ್ಕ ಚಿಕ್ಕ ಒತ್ತು. ಹುಕ್ಕಿನಲ್ಲಿ ತೆಳುವಾದ ಪದರ ಎತ್ತಿ, ಅದರ ಹಿಂದೆ ಏನಿದೆಯೆಂದು ಕಂಡ ಮೇಲಷ್ಟೇ ಪೆಡಲ್.

ಮೂರು, ಕೆಪ್ಯಾಸಿಟಿವ್ ಕಪ್ಲಿಂಗ್. ಇನ್ಸುಲೇಷನ್ ಸಂಪೂರ್ಣ ಸರಿಯಿದ್ದರೂ ಇದು ಆಗುತ್ತದೆ. ಒಳಗೆ ಲೋಹದ ದಂಡ, ನಡುವೆ ಹೊದಿಕೆ, ಹೊರಗೆ ಲೋಹದ ಕ್ಯಾನುಲಾ (ಟ್ರೋಕಾರ್ ಕೊಳವೆ): ಇಷ್ಟಿದ್ದರೆ ಕೆಪ್ಯಾಸಿಟರ್ ತಯಾರು. ಅಧಿಕ ಆವರ್ತನದ ಕರೆಂಟು ಅದನ್ನು ದಾಟಿ ಕ್ಯಾನುಲಾಕ್ಕೆ ಬರುತ್ತದೆ. ಕ್ಯಾನುಲಾ ಪೂರ್ತಿ ಲೋಹದ್ದಾದರೆ ಹೊಟ್ಟೆಯ ಗೋಡೆಯ ಅಗಲಕ್ಕೆ ಹರಡಿ ಹೋಗುತ್ತದೆ, ತೊಂದರೆಯಿಲ್ಲ. ಲೋಹದ ಕ್ಯಾನುಲಾಕ್ಕೆ ಪ್ಲಾಸ್ಟಿಕ್ ಕಾಲರ್ ಹಾಕಿದ ಮಿಶ್ರ ಜೋಡಣೆಯಲ್ಲಿ ಗೋಡೆಯ ದಾರಿ ಮುಚ್ಚಿಹೋಗಿ ಕರೆಂಟು ಕ್ಯಾನುಲಾಕ್ಕೆ ತಾಗಿದ ಕರುಳಿಗೆ ಇಳಿಯುತ್ತದೆ. ಆದ್ದರಿಂದ ಪೂರ್ತಿ ಲೋಹ ಅಥವಾ ಪೂರ್ತಿ ಪ್ಲಾಸ್ಟಿಕ್ ಬಳಸಿ, ಮಿಶ್ರ ಬೇಡವೇ ಬೇಡ. ಟ್ರೋಕಾರ್ ಕಿರಿದಾದಷ್ಟೂ, ಉಪಕರಣ ಉದ್ದವಾದಷ್ಟೂ ಕಪ್ಲಿಂಗ್ ಹೆಚ್ಚು. ಒಂದೇ ರಂಧ್ರದಿಂದ ಹಲವು ಉಪಕರಣ ಹಾಕುವ ಶಸ್ತ್ರಚಿಕಿತ್ಸೆಯಲ್ಲಿ ಅವು ಒಂದಕ್ಕೊಂದು ಒರಗಿ ಸಾಗುವುದರಿಂದ ಇನ್ನೂ ಹೆಚ್ಚು ಎಚ್ಚರ ಬೇಕು.

ಈಗ ಸೆಟ್ಟಿಂಗ್. ವ್ಯಾಟ್ ಒಂದೇ ಇದ್ದರೂ ‘ಕಟ್’ (ಕತ್ತರಿಸುವ) ಮತ್ತು ‘ಕೋಆಗ್’ (ಹೆಪ್ಪುಗಟ್ಟಿಸುವ) ಸೆಟ್ಟಿಂಗ್ ಒಂದೇ ಅಲ್ಲ. ಕಟ್ ಎಡೆಬಿಡದ ಅಲೆ, ವೋಲ್ಟೇಜ್ ಕಡಿಮೆ. ಕೋಆಗ್‌ನಲ್ಲಿ ಅಲೆ ಕೇವಲ ಶೇಕಡಾ 6ರಷ್ಟು ಸಮಯ ಇರುತ್ತದೆ. ಅಷ್ಟರಲ್ಲೇ ಅದೇ ಶಕ್ತಿ ದಾಟಿಸಲು ವೋಲ್ಟೇಜ್ ಹಲವು ಸಾವಿರಕ್ಕೆ ಏರುತ್ತದೆ. ಇನ್ಸುಲೇಷನ್ ಒಡೆಯುವುದೂ ಕಪ್ಲಿಂಗ್ ಆಗುವುದೂ ಈ ವೋಲ್ಟೇಜಿನಿಂದಲೇ. ಹೆಸರು ನೋಡಿ ರಕ್ತ ನಿಲ್ಲಿಸಲು ಕೋಆಗ್ ಮಾತ್ರ ಎಂದುಕೊಳ್ಳುವವರು ಬಹಳ. ಆದರೆ ರಕ್ತನಾಳವನ್ನು ಹಿಡಿದು, ಲೋಹ ಅಂಗಾಂಶಕ್ಕೆ ಒತ್ತಿರುವಾಗ ಕಟ್ ಅಲೆಯೇ ಆಳವಾಗಿ, ಕರಕಿಲ್ಲದೆ ಬೇಯಿಸುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಸಾಧ್ಯವಿದ್ದ ಕಡೆಯೆಲ್ಲ ಕಟ್ ಅಥವಾ ಬೈಪೋಲಾರ್ (ಕರೆಂಟು ಉಪಕರಣದ ಎರಡು ತುದಿಗಳ ನಡುವೆ ಮಾತ್ರ ಹರಿಯುವಂಥದ್ದು) ಬಳಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಪಿತ್ತಕೋಶಕ್ಕೆ 30 ವ್ಯಾಟ್ ಆಸುಪಾಸು ಸಾಮಾನ್ಯವಾಗಿ ಸಾಕು. ಕೆಲಸ ಆಗುವ ಅತಿ ಕಡಿಮೆ ಸಂಖ್ಯೆಯೇ ಸರಿಯಾದ ಸಂಖ್ಯೆ. ತುದಿ ಅಂಗಾಂಶಕ್ಕೆ ತಾಗುವ ಮೊದಲೇ ಪೆಡಲ್ ಒತ್ತುವ ಅಭ್ಯಾಸ ಬಿಡಿ. ಗಾಳಿಯಲ್ಲಿ ಒತ್ತಿದಾಗ ವೋಲ್ಟೇಜ್ ತುತ್ತತುದಿಗೆ ಏರುತ್ತದೆ, ಹೋಗಲು ದಾರಿಯಿಲ್ಲದ ಕರೆಂಟು ಬೇರೆ ದಾರಿ ಹುಡುಕುತ್ತದೆ.

ಮೂರು-ನಾಲ್ಕು ದಿನ ತಡ ಏಕೆಂದರೆ, ಸುಟ್ಟ ಕ್ಷಣದಲ್ಲಿ ಕರುಳ ಗೋಡೆ ಬೆಳ್ಳಗಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಸತ್ತ ಭಾಗ ಕಳಚಿಕೊಳ್ಳಲು ದಿನಗಳು ಬೇಕು.

ಹಾಗಾದರೆ ಮನೆಗೆ ಬಂದ ಮೇಲೆ ನಾವು ಏನನ್ನು ಗಮನಿಸಬೇಕು?
*ಮೂವರು ಓದುಗರು ಇದನ್ನೇ ಕೇಳಿದ್ದಾರೆ*

ಲ್ಯಾಪರೊಸ್ಕೋಪಿ ಆದ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್‌ನಿಂದ ಭುಜ ನೋಯುವುದು ಸಹಜ, ಎರಡು-ಮೂರು ದಿನದಲ್ಲಿ ಹೋಗುತ್ತದೆ. ಇಳಿದಿದ್ದ ಹೊಟ್ಟೆನೋವು ಮತ್ತೆ ಏರಿದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ನಾಡಿ ವೇಗವಾಗಿ ಓಡುತ್ತಿದ್ದರೆ, ಕಣ್ಣು ಹಳದಿಯಾದರೆ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ. ಗ್ಯಾಸ್ಟ್ರಿಕ್ ಎಂದು ಅಂಗಡಿ ಮಾತ್ರೆ ನುಂಗಿ ಕಾಯಬೇಡಿ. ಮೊದಲ ಹತ್ತು ದಿನ ಈ ಎಚ್ಚರ ಇರಲಿ.

ಬಿಲ್ಲಿನಲ್ಲಿ ‘ಎನರ್ಜಿ ಡಿವೈಸ್’ ಎಂದು ದೊಡ್ಡ ಮೊತ್ತ ಹಾಕಿದ್ದಾರೆ. ಹಾರ್ಮೋನಿಕ್, ಲಿಗಾಶ್ಯೂರ್ ಎಂದರೇನು? ಸಾದಾ ಕಾಟರಿ ಸಾಲದೇ?
*ನಿವೃತ್ತ ಬ್ಯಾಂಕ್ ನೌಕರ, ಮೈಸೂರು*

ಹಾರ್ಮೋನಿಕ್‌ನಲ್ಲಿ ರೋಗಿಯ ಮೈಯೊಳಗೆ ಕರೆಂಟೇ ಹರಿಯುವುದಿಲ್ಲ. ಹಿಡಿಕೆಯಲ್ಲಿರುವ ಪೀಜೋ ಹರಳುಗಳು (ಕರೆಂಟು ಕೊಟ್ಟರೆ ಕಂಪಿಸುವಂಥವು) ಟೈಟಾನಿಯಂ ಅಲಗನ್ನು ಸೆಕೆಂಡಿಗೆ ಸುಮಾರು 55,500 ಸಲ, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲದಷ್ಟು, ಹಿಂದೆಮುಂದೆ ಆಡಿಸುತ್ತವೆ. ಆ ಘರ್ಷಣೆಯಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ ರಕ್ತನಾಳ ಮುಚ್ಚುತ್ತದೆ, ಜೊತೆಗೇ ಕತ್ತರಿಸುತ್ತದೆ. 5 ಮಿ.ಮೀ.ವರೆಗಿನ ನಾಳಗಳಿಗೆ ಇದು ಸಾಕು, ಕೆಲವು ಹೊಸ ಮಾದರಿಗಳು 7 ಮಿ.ಮೀ.ವರೆಗೆ. ಲಿಗಾಶ್ಯೂರ್ ಸುಧಾರಿತ ಬೈಪೋಲಾರ್: ಕರೆಂಟು ಎರಡು ದವಡೆಗಳ ನಡುವೆ ಮಾತ್ರ ಓಡಾಡುತ್ತದೆ, ತೊಡೆಯ ಪ್ಲೇಟ್ ಬೇಕಿಲ್ಲ. ದವಡೆ ಬಿಗಿಯಾಗಿ ಒತ್ತಿ, ಯಂತ್ರ ಅಂಗಾಂಶದ ರೋಧವನ್ನು ಕ್ಷಣಕ್ಷಣ ಅಳೆಯುತ್ತ, ನಾಳದ ಗೋಡೆಯ ಕೊಲಾಜನ್-ಎಲಾಸ್ಟಿನ್ ಬೆಸೆದುಕೊಂಡಾಗ ತಾನೇ ನಿಲ್ಲಿಸಿ ಬೀಪ್ ಕೊಡುತ್ತದೆ. 7 ಮಿ.ಮೀ.ವರೆಗಿನ ನಾಳ ಮುಚ್ಚಬಲ್ಲದು.

ಸರಳವಾದ ಪಿತ್ತಕೋಶಕ್ಕೆ ಹುಕ್ ಮತ್ತು ಕ್ಲಿಪ್ ಸಾಕು ಎಂಬುದು ನಮ್ಮ ನಿಲುವು. ದೊಡ್ಡ ಕರುಳು, ಗುಲ್ಮ, ಗರ್ಭಕೋಶ, ಬೊಜ್ಜಿನ ಶಸ್ತ್ರಚಿಕಿತ್ಸೆಗಳಲ್ಲಿ ಒಂದಾದ ಮೇಲೊಂದು ನಾಳ ಕಟ್ಟಬೇಕಾದಾಗ ಇವು ಸಮಯವನ್ನೂ ರಕ್ತವನ್ನೂ ಉಳಿಸುತ್ತವೆ, ಹಣಕ್ಕೆ ಬೆಲೆಯಿದೆ. ನಿಮ್ಮ ಸರ್ಜನ್‌ರನ್ನು ‘ಇದು ಯಾವ ಹಂತಕ್ಕೆ ಬೇಕು?’ ಎಂದು ಮುಂಚಿತವಾಗಿ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಹಾರ್ಮೋನಿಕ್ ಮತ್ತೆ ಮತ್ತೆ ಎರರ್ ತೋರಿಸುತ್ತದೆ. ಕೆಲವೊಮ್ಮೆ ನಾಳ ಕತ್ತರಿಸಿದ ತಕ್ಷಣ ರಕ್ತ ಚಿಮ್ಮುತ್ತದೆ. ತಪ್ಪು ಎಲ್ಲಿ?
*ಸ್ಕ್ರಬ್ ನರ್ಸ್, ಮಂಗಳೂರು*

ಎರರ್‌ಗೆ ಸಾಮಾನ್ಯ ಕಾರಣ ಸಡಿಲ ಜೋಡಣೆ. ಅಲಗನ್ನು ಹಿಡಿಕೆಗೆ ಕೈಯಿಂದ ತಿರುಗಿಸಿ, ಆಮೇಲೆ ಅದರ ಜೊತೆ ಬರುವ ಟಾರ್ಕ್ ರೆಂಚ್‌ನಿಂದ ‘ಕ್ಲಿಕ್ ಕ್ಲಿಕ್’ ಎಂದು ಎರಡು ಸಲ ಕೇಳುವವರೆಗೆ ಬಿಗಿ ಮಾಡಬೇಕು. ದವಡೆ ತೆರೆದಿಟ್ಟು ಪರೀಕ್ಷೆ ಮಾಡಿ. ಅಲಗಿನ ಮೇಲೆ ಕರಕು ಕಟ್ಟಿದ್ದರೂ ಎರರ್ ಬರುತ್ತದೆ: ಬಟ್ಟಲಲ್ಲಿ ಸಲೈನ್ ಹಾಕಿ, ತುದಿ ಬಟ್ಟಲಿಗೆ ತಾಗದಂತೆ ಅದ್ದಿ, ಕೆಲ ಕ್ಷಣ ಚಾಲೂ ಮಾಡಿದರೆ ಬಿಟ್ಟುಹೋಗುತ್ತದೆ. ಆಡುತ್ತಿರುವ ಅಲಗು ಕ್ಲಿಪ್, ಸ್ಟೇಪಲ್, ಇನ್ನೊಂದು ಉಪಕರಣಕ್ಕೆ ತಾಗಿದರೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಮುರಿಯಬಹುದು. ನಡುವೆ ಅಂಗಾಂಶವಿಲ್ಲದೆ ದವಡೆ ಮುಚ್ಚಿ ಒತ್ತಿದರೆ ಬಿಳಿ ಪ್ಯಾಡ್ ಸವೆದು ಹಿಡಿತ ಹೋಗುತ್ತದೆ.

ರಕ್ತ ಚಿಮ್ಮುವುದಕ್ಕೆ ಅವಸರ ಕಾರಣ. ನಾಳಕ್ಕೆ ಕಡಿಮೆ ಮಟ್ಟ (ಸಾಮಾನ್ಯವಾಗಿ 3), ಎಳೆತ ಇಲ್ಲದ ಹಿಡಿತ, ತಾಳ್ಮೆ. 5ನೇ ಮಟ್ಟ ಬೇಗ ಕತ್ತರಿಸಲು. ಎತ್ತಿ ಎಳೆದು ಹಿಡಿದರೆ ಮುಚ್ಚಿಕೊಳ್ಳುವ ಮೊದಲೇ ನಾಳ ತುಂಡಾಗುತ್ತದೆ. ಲಿಗಾಶ್ಯೂರ್‌ನಲ್ಲೂ ಬೀಪ್ ಪೂರ್ತಿ ಆಗದೆ ಚಾಕು ಒತ್ತುವುದು, ಕ್ಲಿಪ್ ಮೇಲೆ ದವಡೆ ಹಾಕುವುದು, ಕರಕು ಕಟ್ಟಿದ ದವಡೆಯಲ್ಲೇ ಮುಂದುವರಿಯುವುದು ಇದೇ ಫಲ ಕೊಡುತ್ತವೆ. ವಯಸ್ಸಾದವರ ಸುಣ್ಣಗಟ್ಟಿದ ಅಪಧಮನಿಗೆ ಬೆಸುಗೆಯನ್ನು ನೆಚ್ಚದೆ ಕ್ಲಿಪ್ ಅಥವಾ ದಾರ ಹಾಕುವುದು ಕ್ಷೇಮ.

ಒಂದು ಮಾತು ಓಟಿಯಲ್ಲಿ ಎಲ್ಲರಿಗೂ ಹೇಳಿ: ಹಾರ್ಮೋನಿಕ್ ನಿಲ್ಲಿಸಿದ ಮೇಲೂ ಅಲಗು ಬಿಸಿ ಇರುತ್ತದೆ. ದೀರ್ಘ ಒತ್ತಿನ ನಂತರ 200 ಡಿಗ್ರಿ ದಾಟಿರಬಹುದು, ತಣ್ಣಗಾಗಲು ಹತ್ತಾರು ಸೆಕೆಂಡು ಹಿಡಿಯುತ್ತದೆ. ಆ ಅಲಗಿನಲ್ಲೇ ಕರುಳನ್ನು ಸರಿಸುವುದು, ಮೂತ್ರನಾಳ ಎತ್ತುವುದು ಕೂಡದು. ಸರಿಸಲು ಇನ್ನೊಂದು ಕೈಯ ಗ್ರ್ಯಾಸ್ಪರ್ ಇದೆ. ಕರುಳು, ಮೂತ್ರನಾಳದಿಂದ 5 ಮಿ.ಮೀ. ಅಂತರ ಕಾಯ್ದುಕೊಂಡು, ಬಿಸಿ ಅಲಗಿನ ಬದಿ ಅವುಗಳಿಂದ ದೂರವಿರುವಂತೆ ತಿರುಗಿಸಿ ಹಿಡಿಯಬೇಕು.

ತಂದೆಯವರಿಗೆ ಪೇಸ್‌ಮೇಕರ್ ಇದೆ. ಹರ್ನಿಯಾ ಲ್ಯಾಪರೊಸ್ಕೋಪಿ ಮಾಡಿಸಬಹುದೇ?
*ಶಿಕ್ಷಕಿ, ಕಲಬುರಗಿ*

ಮಾಡಿಸಬಹುದು. ಕಾಟರಿಯ ಅಲೆಯನ್ನು ಪೇಸ್‌ಮೇಕರ್ ಹೃದಯದ ಬಡಿತವೆಂದೇ ತಿಳಿದು ತನ್ನ ಕೆಲಸ ನಿಲ್ಲಿಸಬಹುದು, ಅಪಾಯ ಇದೇ. ಹೊಕ್ಕುಳಿನಿಂದ ಮೇಲಿನ ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ಕೆಳಗಿನವುಗಳಲ್ಲಿ ಈ ಅಪಾಯ ಕಡಿಮೆ. ಪೇಸ್‌ಮೇಕರ್ ಕಾರ್ಡನ್ನು ತಪ್ಪದೆ ಕೊಂಡೊಯ್ಯಿರಿ, ಅರಿವಳಿಕೆ ವೈದ್ಯರಿಗೆ ತೋರಿಸಿ, ಹೃದ್ರೋಗ ತಜ್ಞರಿಂದ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿ. ಬೈಪೋಲಾರ್ ಅಥವಾ ಹಾರ್ಮೋನಿಕ್ ಬಳಸುವುದು ಒಳ್ಳೆಯದು. ಮೋನೋಪೋಲಾರ್ (ಪ್ಲೇಟ್ ಬೇಕಾಗುವ ಸಾದಾ ಕಾಟರಿ) ಅನಿವಾರ್ಯವಾದರೆ ಪ್ಲೇಟ್ ತೊಡೆಗೆ, ಕರೆಂಟಿನ ದಾರಿ ಎದೆ ಹಾಯದಂತೆ. ಒಂದೊಂದು ಒತ್ತು 5 ಸೆಕೆಂಡಿನೊಳಗೆ. ಶಾಕ್ ಕೊಡುವ ಡಿಫಿಬ್ರಿಲೇಟರ್ (ಐಸಿಡಿ) ಇದ್ದರೆ ಆಪರೇಷನ್ ಮುಗಿಯುವವರೆಗೆ ಅದರ ಶಾಕ್ ಕಾರ್ಯವನ್ನು ನಿಲ್ಲಿಸಿ, ಆಮೇಲೆ ಮರೆಯದೆ ಮತ್ತೆ ಚಾಲೂ ಮಾಡಿಸಬೇಕು. ರೋಗಿಯನ್ನು ವಾರ್ಡಿಗೆ ಕಳಿಸುವ ಮುನ್ನ ಅದು ಆಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಪ್ರಾಸ್ಟೇಟ್‌ಗೆ ‘ಬೈಪೋಲಾರ್ ಟಿಯುಆರ್‌ಪಿ’ ಎಂದಿದ್ದಾರೆ. ಹಳೆಯ ವಿಧಾನಕ್ಕಿಂತ ಏನು ವ್ಯತ್ಯಾಸ?
*ರೈತ, ಮಂಡ್ಯ*

ಟಿಯುಆರ್‌ಪಿ ಎಂದರೆ ಮೂತ್ರದ ದಾರಿಯಿಂದ ಉಪಕರಣ ತೂರಿಸಿ ಪ್ರಾಸ್ಟೇಟ್ ಕೆರೆದು ತೆಗೆಯುವುದು. ವ್ಯತ್ಯಾಸ ಇರುವುದು ತೊಳೆಯಲು ಹರಿಸುವ ದ್ರವದಲ್ಲಿ. ಸಲೈನ್‌ನಲ್ಲಿ ಉಪ್ಪಿರುವುದರಿಂದ ಮೋನೋಪೋಲಾರ್ ಕರೆಂಟು ಅದರಲ್ಲೇ ಚದುರಿ ಕೆಲಸ ಮಾಡುವುದಿಲ್ಲ. ಹಾಗಾಗಿ ಹಳೆಯ ವಿಧಾನದಲ್ಲಿ ಶೇ. 1.5ರ ಗ್ಲೈಸಿನ್ ಎಂಬ ಉಪ್ಪಿಲ್ಲದ ದ್ರಾವಣ ಬೇಕಿತ್ತು. ಅದು ಹೆಚ್ಚು ಹೊತ್ತು ರಕ್ತಕ್ಕೆ ಸೇರಿದರೆ ಸೋಡಿಯಂ ಕುಸಿದು ಗೊಂದಲ, ವಾಂತಿ, ದೃಷ್ಟಿ ಮಂಜಾಗುವುದು ಉಂಟು; ಅದಕ್ಕೇ ಆಪರೇಷನ್ ಸುಮಾರು ಒಂದು ಗಂಟೆಯೊಳಗೆ ಮುಗಿಸುವ ಪಾಠ. ಬೈಪೋಲಾರ್ ಸಲೈನ್‌ನಲ್ಲೇ ನಡೆಯುತ್ತದೆ, ಸೋಡಿಯಂ ಕುಸಿಯುವ ಭಯವಿಲ್ಲ. ದ್ರವ ಅತಿಯಾಗಿ ಸೇರಿದರೆ ಹೃದಯಕ್ಕೆ ಭಾರವಾಗುವುದು ಮಾತ್ರ ಎರಡರಲ್ಲೂ ಇದೆ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಕಾಟರಿ ಹೊಗೆ ಕುಡಿದು ತಲೆನೋವು ಬರುತ್ತದೆ. ಇದು ಹಾನಿಕರವೇ?
*ಓಟಿ ನರ್ಸ್, ಬೆಳಗಾವಿ*

ಹಾನಿಕರ. ಅದರಲ್ಲಿ ಬೆಂಜೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್, ಕಾರ್ಬನ್ ಮೊನಾಕ್ಸೈಡ್ ಇರುತ್ತವೆ. ಹೊಗೆಯಲ್ಲಿ ನರುಲಿ ತರುವ ಎಚ್‌ಪಿವಿ ವೈರಸ್ಸಿನ ಡಿಎನ್‌ಎ ಪತ್ತೆಯಾಗಿದೆ. ಸರ್ಜಿಕಲ್ ಮಾಸ್ಕ್ ಇದನ್ನು ತಡೆಯದು. ಲ್ಯಾಪರೊಸ್ಕೋಪಿಯಲ್ಲಿ ಟ್ರೋಕಾರ್ ಕವಾಟ ತೆರೆದು ಹೊಗೆಯನ್ನು ಕೋಣೆಗೇ ಬಿಡುವ ರೂಢಿ ನಿಲ್ಲಬೇಕು. ಆ ಕವಾಟಕ್ಕೆ ಫಿಲ್ಟರ್ ಇರುವ ಕೊಳವೆ ಜೋಡಿಸಿ ಸಕ್ಷನ್‌ಗೆ ಕೊಡಿ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೊಗೆ ಎಳೆಯುವ ಬಾಯಿ ಕಾಟರಿ ತುದಿಯಿಂದ 5 ಸೆಂ.ಮೀ. ಒಳಗಿರಲಿ. ಇದು ಸಿಬ್ಬಂದಿಯ ಹಕ್ಕು, ಬರವಣಿಗೆಯಲ್ಲೇ ಕೇಳಿ.

ಸ್ಪಿರಿಟ್ ಹಚ್ಚಿದ ಮೇಲೆ ಎಷ್ಟು ಹೊತ್ತು ಕಾಯಬೇಕು?
*ಹೆಸರು, ಊರು ಬರೆದಿಲ್ಲ*

ಕೂದಲಿಲ್ಲದ ಚರ್ಮಕ್ಕೆ ಕನಿಷ್ಠ 3 ನಿಮಿಷ. ಹೊಕ್ಕುಳಲ್ಲಿ, ಬೆನ್ನ ಕೆಳಗೆ ನಿಂತದ್ದನ್ನು ಒರೆಸಿ ತೆಗೆದು, ಒದ್ದೆ ಬಟ್ಟೆ ಬದಲಿಸಿದ ಮೇಲೆಯೇ ಶೀಟು ಹೊದಿಸಬೇಕು. ಆವಿ ಶೀಟಿನಡಿ ಉಳಿದರೆ ಬೆಂಕಿ ಹತ್ತಲು ಕಾಟರಿಯ ಒಂದು ಕಿಡಿ ಸಾಕು.

ನಮ್ಮಲ್ಲಿ ಉಪಕರಣಗಳನ್ನು ಇಟಿಒ (ಎಥಿಲೀನ್ ಆಕ್ಸೈಡ್ ಅನಿಲದಿಂದ ಶುದ್ಧಿ) ಮಾಡಿ ಮತ್ತೆ ಬಳಸುತ್ತಾರೆ. ಯಾವುದನ್ನು ಎಷ್ಟು ಸಲ ಬಳಸಬಹುದು? ಇನ್ಸುಲೇಷನ್ ಪರೀಕ್ಷೆ ಹೇಗೆ?
*ಬಯೋಮೆಡಿಕಲ್ ಎಂಜಿನಿಯರ್, ಶಿವಮೊಗ್ಗ*

ಪೊಟ್ಟಣದ ಮೇಲೆ 2ರ ಅಂಕಿಗೆ ಅಡ್ಡಗೆರೆ ಎಳೆದ ಗುರುತಿದ್ದರೆ ಅದು ಒಂದೇ ಬಳಕೆಯದು. ಇಟಿಒ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಕೊಳವೆಯೊಳಗೆ ಒಣಗಿದ ರಕ್ತವನ್ನು ತೆಗೆಯುವುದಿಲ್ಲ. ಆ ರಕ್ತದ ಅಡಿಯಿರುವುದನ್ನು ಅನಿಲ ಮುಟ್ಟದೆಯೂ ಇರಬಹುದು. ಸವೆದ ಪ್ಯಾಡು, ಬಿರುಕು ಬಿಟ್ಟ ಅಲಗು ಸರಿಯಾಗುವುದೂ ಇಲ್ಲ. ‘ಇಷ್ಟು ಸಲ ಆಗಬಹುದು’ ಎಂಬ ಸಂಖ್ಯೆಯನ್ನು ನಾವು ಕೊಡುವುದಿಲ್ಲ. ಪ್ಲೇಟನ್ನಂತೂ ಅಂಟು ಹೋದ ಮೇಲೆ ಟೇಪ್ ಸುತ್ತಿ ಹಾಕುವುದು ನೇರವಾಗಿ ಸುಟ್ಟಗಾಯಕ್ಕೆ ದಾರಿ.

ಮರುಬಳಕೆಗೆಂದೇ ಮಾಡಿದ ಹುಕ್, ಡಿಸೆಕ್ಟರ್‌ಗಳಿಗೆ ಕ್ರಮ ಹೀಗಿರಲಿ. ಓಟಿಯಲ್ಲೇ ಒರೆಸಿ, ಒಣಗಲು ಬಿಡದೆ ಕಿಣ್ವದ ದ್ರಾವಣದಲ್ಲಿ ನೆನೆಸಿ. ಹೊದಿಕೆಗೆ ಮೃದು ಬ್ರಷ್ ಮಾತ್ರ, ಲೋಹದ ಬ್ರಷ್ ಬೇಡ. ಒಣಗಿದ ಮೇಲೆ ಭೂತಗನ್ನಡಿಯಲ್ಲಿ ತುದಿಯ ಕಾಲರ್ ಮತ್ತು ಹಿಡಿಕೆಯ ಸಂದು ನೋಡಿ, ಹೊದಿಕೆ ಬಿಡುವುದು ಹೆಚ್ಚಾಗಿ ಅಲ್ಲೇ. ಕಣ್ಣಿನ ಪರೀಕ್ಷೆ ಸಾಲದು: ಅಧಿಕ ವೋಲ್ಟೇಜಿನ ಇನ್ಸುಲೇಷನ್ ಟೆಸ್ಟರ್‌ನಿಂದ ದಂಡದ ಪೂರ್ತಿ ಉದ್ದ ಸವರಿ, ತೂತಿದ್ದ ಕಡೆ ಅದು ಸದ್ದು ಮಾಡುತ್ತದೆ. ಪ್ರತಿ ಸ್ಟೆರಿಲೈಸೇಷನ್‌ಗೆ ಮುಂಚೆ ಇದು ನಡೆಯಲಿ. ಸೋತದ್ದಕ್ಕೆ ಟೇಪ್ ಸುತ್ತಿ ವಾಪಸ್ ಇಡಬೇಡಿ, ದಾಸ್ತಾನು ಪುಸ್ತಕದಲ್ಲಿ ಬರೆದು ಹೊರಹಾಕಿ. ಕೇಬಲನ್ನು ಬಿಗಿಯಾಗಿ ಸುತ್ತಬೇಡಿ, ಓಟಿಯಲ್ಲಿ ಅದನ್ನು ಲೋಹದ ಟವೆಲ್ ಕ್ಲಿಪ್‌ನಿಂದ ಶೀಟಿಗೆ ಸಿಕ್ಕಿಸಲು ಬಿಡಬೇಡಿ. ಅಲ್ಲಿ ಕರೆಂಟು ಸೋರಿ ಶೀಟು, ಚರ್ಮ ಎರಡೂ ಸುಡಬಹುದು. ಪ್ಲಾಸ್ಟಿಕ್ ಕ್ಲಿಪ್ ಕೊಡಿ, ಒಂದು ಡಬ್ಬಿ ಓಟಿ ಕಪಾಟಿನಲ್ಲೇ ಇಟ್ಟಿರಿ.